ಖೋಬರ್‌ನಲ್ಲಿ ಪುಕ್ಕಟೆ ಸಿಕ್ಕಿದ ಮನೆ ಸಾಮಾನು

ರಿಯಾದಿನಿಂದ ಅಲ್ ಖೋಬರ್‌ಗೆ ಹೋಗಿ ಬಂದದ್ದಕ್ಕೆ ನನಗೆ ತಗಲಿದ್ದು ಒಟ್ಟು ಸಾವಿರದ ನೂರ ಎಂಬತ್ತು ರಿಯಾಲ್. ರೈಲಿಗೆ ನೂರ ಹತ್ತು, ದಮ್ಮಾಮ್ ಸ್ಟೇಷನ್ನಿನಿಂದ ಟ್ಯಾಕ್ಸಿಗೆ ಐವತ್ತು (ಎಪ್ಪತ್ತು ಕೇಳಿದ್ದ), ವಾಪಸು ಬರುವ ಲಾರಿಗೆ ಒಂಬೈನೂರು. ಉಳಿದ ನೂರ ಇಪ್ಪತ್ತು ಎಲ್ಲಿ ಹೋಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಮುಂದೆ ಹೇಳುತ್ತೇನೆ.

ಹೋದದ್ದು ವ್ಯಾಪಾರಕ್ಕೆ. ನನ್ನದು ಹಳೆ ಫರ್ನಿಚರ್ ಅಂಗಡಿ. ಕೆಲಸ ಮುಗಿಸಿ ಊರಿಗೆ ಹೊರಟ ಬಿಳಿಯರ ಮನೆ ಸಾಮಾನನ್ನು ಇಡಿಯಾಗಿ ಕೊಂಡು ತಂದು ಬಿಡಿಯಾಗಿ ಮಾರುತ್ತೇನೆ. ವಿಟ್ಲದಿಂದ ಬರಿಗೈಯಲ್ಲಿ ಬಂದವನು ಈಗ ಎರಡು ಶಟರಿನ ಅಂಗಡಿ ಮಾಡಿದ್ದೇನೆ. ಇಂಗ್ಲಿಷರ ಹನ್ನೊಂದು ಮನೆ, ಫ್ರೆಂಚರ ಮೂರು ಮನೆ ಖಾಲಿ ಮಾಡಿದ್ದೇನೆ. ಅವರ ಗುಣ ನನಗೆ ಗೊತ್ತು. ಕುರ್ಚಿಗೊಂದು ಚರಿತ್ರೆ ಹೇಳುತ್ತಾರೆ, ಚಮಚಕ್ಕೂ ಚೌಕಾಸಿ ಮಾಡುತ್ತಾರೆ. ಹೋದಲ್ಲೆಲ್ಲ ತಮ್ಮದೇ ಮನೆ ಎಂದು ಕೂತು ಅಭ್ಯಾಸವಾದ ಜನ. ಅಮೆರಿಕನ್ನರ ಮನೆಗೆ ಮಾತ್ರ ನಾನು ಕಾಲಿಟ್ಟಿರಲಿಲ್ಲ.

ಖೋಬರ್ ಹೊರಗಿನ ಒಂದು ಅಮೆರಿಕನ್ ಕಾಂಪೌಂಡಿನಲ್ಲಿ ಎ.ಸಿ. ರಿಪೇರಿ ಮೇಲ್ವಿಚಾರಕರಾಗಿರುವ ಕುಂದಾಪುರದ ಶೆಟ್ಟರು ಫೋನ್ ಮಾಡಿ, ಜಿಮ್ ಎಂಬ ಇಂಜಿನಿಯರ್ ಮನೆ ಬಿಡುತ್ತಿದ್ದಾನೆ, ಒಳ್ಳೆಯ ಮೇಜು, ಸೋಫಾ ಇವೆ ಎಂದಿದ್ದರು. ಅದೇ ವಾರ ರಿಯಾದಿನ ಒಬ್ಬ ಸೌದಿ ಗಿರಾಕಿ ತನ್ನ ತೋಟದ ಮನೆಗೆ ಹನ್ನೆರಡು ಜನ ಕೂರುವ ಊಟದ ಮೇಜು ಗುರುವಾರದೊಳಗೆ ಬೇಕೆಂದು ಕೇಳಿದ್ದ. ಇದು ಸರಿಹೋದರೆ ತಮ್ಮಂದಿರ ಆರು ಮನೆಯ ಸಾಮಾನೂ ನನ್ನಿಂದಲೇ ಎಂದಿದ್ದ. ನಾನು ಮೇಜು ನೋಡುವ ಮೊದಲೇ ಮಾತು ಕೊಟ್ಟೆ, ಲಾರಿಯನ್ನೂ ಗೊತ್ತುಮಾಡಿದೆ.

ಮಂಗಳವಾರ ಬೆಳಗಿನ ರೈಲು. ನಾನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು, ಕಿಟಕಿಯ ಹೊರಗೆ ಮರಳು, ಹುಫೂಫ್ ಹತ್ತಿರ ಒಂದಿಷ್ಟು ಖರ್ಜೂರದ ಮರ, ಮತ್ತೆ ಮರಳು. ದಮ್ಮಾಮಿನಲ್ಲಿ ಇಳಿದರೆ ಕಡಲಿನ ಸೆಕೆ, ಕನ್ನಡಕ ಮಂಜಾಯಿತು. ಸಂಜೆ ಶೆಟ್ಟರ ಮನೆಯಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ.

ಊಟದ ಹೊತ್ತಿಗೆ ಮಾತು ಅಮೆರಿಕನ್ನರ ಕಡೆ ಹೋಯಿತು. ನನ್ನ ಲೆಕ್ಕಾಚಾರವನ್ನು ಶೆಟ್ಟರ ಮುಂದಿಟ್ಟೆ. ಇಂಗ್ಲಿಷರು ನಮ್ಮಲ್ಲಿಗೆ ವ್ಯಾಪಾರಕ್ಕೆ ಬಂದು ಆಳುವ ಖರ್ಚನ್ನು ಮೈಮೇಲೆ ಎಳೆದುಕೊಂಡರು. ಕಲೆಕ್ಟರು, ಕೋರ್ಟು, ಜೈಲು, ದಂಡು. ಕೊನೆಗೆ ಬಂಗಲೆಯನ್ನೂ ಗೋರಿಗಳನ್ನೂ ಬಿಟ್ಟು ಹೋಗಬೇಕಾಯಿತು. ಅಮೆರಿಕನ್ನರು ಈ ಮರಳಿಗೆ ಬಂದಾಗ ರಾಜನನ್ನು ರಾಜನಾಗಿಯೇ ಇರಲು ಬಿಟ್ಟರು. ನೆಲ ನಿಮ್ಮದು, ಕೆಳಗಿನ ಎಣ್ಣೆ ತೆಗೆಯುವ ಹಕ್ಕು ನಮ್ಮದು ಎಂದು ಒಂದು ಒಪ್ಪಂದ ಬರೆಸಿಕೊಂಡರು. ವರ್ಷಗಟ್ಟಲೆ ತೆಗೆದರು. ಸರ್ಕಾರ ಕೊನೆಗೆ ಆ ಕಂಪನಿಯನ್ನು ಪಾಲು ಪಾಲಾಗಿ ಕೊಂಡಾಗ ಅದಕ್ಕೂ ಹಣ ಪಡೆದರು. ಬಾವುಟ ಹಾರಿಸಲಿಲ್ಲ, ಇಳಿಸುವ ಅವಮಾನವೂ ಇಲ್ಲ. ನನ್ನಂಥವನಿಗೆ ಇದು ನಿದ್ದೆ ಕೆಡಿಸುವ ವಿಷಯ.

"ನಿಮಗೆ ಸಿಟ್ಟಾ, ಹೊಟ್ಟೆಕಿಚ್ಚಾ ಬ್ಯಾರಿಗಳೇ?" ಎಂದರು ಶೆಟ್ಟರು.

"ಹೊಟ್ಟೆಕಿಚ್ಚು ಶೆಟ್ರೇ. ಸಿಟ್ಟು ಮಾಡ್ಲಿಕ್ಕೆ ಪುರುಸೊತ್ತೆಲ್ಲಿ ಉಂಟು?"

ಬುಧವಾರ ಎಂಟು ಗಂಟೆಗೆ ಕಾಂಪೌಂಡಿನ ಗೇಟು. ಹೊರಗಿನವರು ಹೋಗಬೇಕಾದರೆ ಒಳಗಿನವರೊಬ್ಬರು ಬಂದು ತಮ್ಮ ಹೆಸರಿನಲ್ಲಿ ಪಾಸ್ ಬರೆಸಬೇಕು. ಶೆಟ್ಟರು ಬರೆಸಿದರು, ನನ್ನ ಇಕಾಮಾ (ಇಲ್ಲಿ ವಾಸಿಸುವ ಪರವಾನಗಿ ಕಾರ್ಡು) ಗೇಟಿನಲ್ಲೇ ಉಳಿಯಿತು. ಒಳಗೆ ಹೋದರೆ ಹುಲ್ಲು. ಕುಡಿಯುವ ನೀರಿಗೂ ಬೆಲೆಯಿರುವ ಊರಿನಲ್ಲಿ ಹುಲ್ಲಿಗೆ ಕಾರಂಜಿ. ಬೀಗವಿಲ್ಲದ ಸೈಕಲ್ಲುಗಳು, ಈಜುಕೊಳ, ಅವರದೇ ಶಾಲೆ. ಹೊರಗೆ ಹೆಂಗಸರು ಕಾರು ಓಡಿಸುವಂತಿಲ್ಲದ ಕಾಲದಲ್ಲೂ ಇಲ್ಲಿ ಓಡಿಸುತ್ತಿದ್ದರಂತೆ. ಒಂದು ಗೋಡೆ ಕಟ್ಟಿಕೊಂಡು ತಮ್ಮ ಊರನ್ನೇ ತಂದಿಟ್ಟುಕೊಂಡಿದ್ದಾರೆ. ನಾನು ಇಷ್ಟು ವರ್ಷ ಇದ್ದು ತಂದುಕೊಂಡದ್ದು ಒಂದು ಕರಿಬೇವಿನ ಗಿಡ, ಅದೂ ಒಣಗಿತು.

ಜಿಮ್ ಅರ್ಧ ಚಡ್ಡಿಯಲ್ಲಿ ಬಾಗಿಲು ತೆರೆದು ಕಾಫಿ ಕೊಟ್ಟ. ಊಟದ ಮೇಜು ನೋಡಿ ನನ್ನ ಎದೆ ಅರಳಿತು. ಗಟ್ಟಿ ಓಕ್, ಹನ್ನೆರಡು ಕುರ್ಚಿ. ಕೂಡುಗಳನ್ನು ನೋಡಲು ಅಭ್ಯಾಸದಂತೆ ಬಗ್ಗಿ ಅಡಿಗೆ ಇಣುಕಿದೆ. ಅಲ್ಲೊಂದು ಸಣ್ಣ ನಂಬರ್ ಚೀಟಿ. ಸೋಫಾದ ಅಡಿಯಲ್ಲೂ ಚೀಟಿ, ಮಂಚಕ್ಕೂ ಚೀಟಿ. ಅಷ್ಟೂ ಕಂಪನಿಯದು. ಜಿಮ್‌ನದು ಎರಡು ಸೂಟ್‌ಕೇಸ್ ಮಾತ್ರ. ಶೆಟ್ಟರು ಮುಖ ಸಣ್ಣ ಮಾಡಿದರು, ಅವರೂ ಮೇಜಿನ ಮೇಲ್ಭಾಗವನ್ನಷ್ಟೇ ನೋಡಿದ್ದವರು.

ಅಷ್ಟು ದೂರ ಬಂದಿದ್ದೀಯಲ್ಲ ಎಂದು ಜಿಮ್ ಹಿಂದಿನ ಶೆಡ್ಡಿಗೆ ಕರೆದೊಯ್ದ. ಬಾಗಿಲ ಬಳಿಯೇ ಒಳ್ಳೆಯ ಸೈಕಲ್, ಮಾಂಸ ಸುಡುವ ಗ್ಯಾಸ್ ಒಲೆ, ಹೊಳೆಯುವ ಟೂಲ್ ಬಾಕ್ಸ್. ಎಷ್ಟು ಎಂದು ಕೇಳಿದೆ. ಏನೂ ಬೇಡ, ನಂಬರ್ ಇಲ್ಲದ್ದೆಲ್ಲ ನಿನ್ನದು, ಇಲ್ಲೊಂದು ಸಹಿ ಹಾಕು ಎಂದ. ಎರಡು ಪುಟದ ಕಾಗದ. ಬೆಲೆಯೇ ಇಲ್ಲದ ಮೇಲೆ ಓದುವುದೇನು? ನನ್ನ ಜೀವಮಾನದ ವಿದ್ಯೆಯೆಲ್ಲ ಬೆಲೆಯ ಮೇಲೆ ನಿಂತಿದ್ದು. ಸಹಿ ಹಾಕಿದೆ. ಇಂಗ್ಲಿಷರಾಗಿದ್ದರೆ ಸೈಕಲ್ಲಿಗೆ ಇನ್ನೂರು ಕೇಳುತ್ತಿದ್ದರು ಎಂದು ಒಳಗೊಳಗೇ ನಕ್ಕೆ.

ಆಗ ಮನೆ ತಪಾಸಣೆಗೆ ರೋಡೆಲ್ ಬಂದ. ಫಿಲಿಪೀನ್ಸಿನವನು, ವಸತಿ ಕಚೇರಿಯ ಗುಮಾಸ್ತ. ಅವನು ಎರಡನೆಯ ಪುಟವನ್ನು ಗಟ್ಟಿಯಾಗಿ ಓದಿದ. ನಂಬರ್ ಇಲ್ಲದ ಪ್ರತಿಯೊಂದು ವಸ್ತುವನ್ನು ಸಹಿ ಹಾಕಿದವನು ಮಧ್ಯಾಹ್ನದೊಳಗೆ ಕಾಂಪೌಂಡಿನ ಹೊರಗೆ ಸಾಗಿಸಬೇಕು, ಶೆಡ್ ಗುಡಿಸಿ ಕೊಡಬೇಕು. ಒಂದು ಉಳಿದರೂ ಪಾಸ್ ಬರೆಸಿದವರ ಮೇಲೆ ದೂರು. ಪಾಸ್ ಬರೆಸಿದವರು ಶೆಟ್ಟರು. ಸೈಕಲ್ಲಿನ ಹಿಂದೆ ಏನಿದೆಯೆಂದು ಆಗ ನೋಡಿದೆ. ಕೆಟ್ಟ ಫ್ರೀಜರ್ ಎರಡು, ನೆನೆದ ಹಾಸಿಗೆ ಐದು, ಗಟ್ಟಿಯಾದ ಬಣ್ಣದ ಡಬ್ಬಗಳು, ಒಡೆದ ಪ್ಲಾಸ್ಟಿಕ್ ಜಾರುಬಂಡಿ, ಹಿಂದಿನ ಬಾಡಿಗೆದಾರರ ಕಾಲದ ಕಸ.

ಜಿಮ್ ಕೈಕುಲುಕಿ ಹೋದ. ನಾನೂ ಶೆಟ್ಟರೂ ಲಾರಿಯ ಡ್ರೈವರನೂ ಹೊತ್ತೆವು. ಹೊರುತ್ತಾ ರೋಡೆಲ್‌ಗೆ ನನ್ನ ಮೆಚ್ಚುಗೆ ಹೇಳಿದೆ. ಇವರು ಯಾರನ್ನೂ ಆಳದೆ ಗೆದ್ದವರು ಎಂದೆ. ಅವನು ಪಟ್ಟಿಯಿಂದ ತಲೆಯೆತ್ತಿ ಹರುಕು ಹಿಂದಿಯಲ್ಲಿ ಹೇಳಿದ್ದು ನನಗೆ ಹೊಸದು. ಅವನ ದೇಶವನ್ನು ಸ್ಪೇನ್ ಮುನ್ನೂರು ವರ್ಷಕ್ಕೂ ಹೆಚ್ಚು ಆಳಿತು. ಯುದ್ಧದಲ್ಲಿ ಸೋತ ಮೇಲೆ ಅಮೆರಿಕಕ್ಕೆ ದುಡ್ಡು ತೆಗೆದುಕೊಂಡು ಬಿಟ್ಟುಕೊಟ್ಟಿತು. ಎದ್ದು ನಿಂತವರನ್ನು ಅಮೆರಿಕನ್ನರು ಗುಂಡಿಟ್ಟು ಅಡಗಿಸಿದರು, ಗವರ್ನರನನ್ನು ಕೂರಿಸಿದರು, ಶಾಲೆ ಕಟ್ಟಿದರು. ಇಂಗ್ಲಿಷರು ನಿಮ್ಮಲ್ಲಿ ಮಾಡಿದ್ದೆಲ್ಲ ನಮ್ಮಲ್ಲಿ ಇವರು ಮಾಡಿದ್ದಾರೆ ಎಂದ. ಸ್ವಾತಂತ್ರ್ಯ ಕೊಟ್ಟ ಮೇಲೂ ಸೈನ್ಯದ ನೆಲೆ ಇಟ್ಟುಕೊಂಡರು, ಒಪ್ಪಂದದ ಮೇಲೆ.

"ನೀನು ಮನೆ ಸಾಮಾನು ಇಡಿಯಾಗಿ ತಗೊಳ್ತೀಯಲ್ಲ, ಹಾಗೇ ನಮ್ಮನ್ನು ತಗೊಂಡ್ರು. ನಮ್ಮನ್ನು ಯಾರೂ ಕೇಳಲಿಲ್ಲ," ಎಂದ. "ಆಳುವುದು ಎಷ್ಟು ದುಬಾರಿ ಅಂತ ಅವರು ಕಲಿತದ್ದು ನಮ್ಮ ಮೈಮೇಲೆ."

ನಾನು ಪೊರಕೆ ತೆಗೆದುಕೊಂಡು ಶೆಡ್ ಗುಡಿಸಿದೆ. ರೋಡೆಲ್ ಟಿಕ್ ಹಾಕಿದ, ಶೆಟ್ಟರು ಉಸಿರು ಬಿಟ್ಟರು. ಗೇಟು ದಾಟಿದ ಮೇಲೆ ಸೈಕಲ್ಲನ್ನು ಅವರ ಮಗಳಿಗೆಂದು, ಒಲೆಯನ್ನೂ ಟೂಲ್ ಬಾಕ್ಸನ್ನೂ ಅವರಿಗೆಂದು ಕೊಟ್ಟೆ.

ಹೊರಗಿನ ಕಸದ ಡಿಪೋದಲ್ಲಿ ಸಾಮಾನು ಇಳಿಸಲು ನೂರ ಇಪ್ಪತ್ತು ರಿಯಾಲ್. ಅದೇ ಆ ನಾಚಿಕೆಯ ಲೆಕ್ಕ. ಅಲ್ಲಿಂದಲೇ ಗಿರಾಕಿಗೆ ಫೋನ್ ಮಾಡಿ ಮೇಜು ಸಿಗಲಿಲ್ಲ ಎಂದೆ. "ಖಲಾಸ್" ಎಂದು ಇಟ್ಟುಬಿಟ್ಟ. ಆರು ಮನೆಗಳೂ ಆ ಒಂದು ಮಾತಿನಲ್ಲಿ ಹೋದವು. ಖಾಲಿ ಲಾರಿಯಲ್ಲಿ ಡ್ರೈವರನ ಪಕ್ಕ ಕೂತು ತಿರುಗಿ ನೋಡಿದರೆ, ಗೋಡೆಯ ಮೇಲಿಂದ ಆ ಕಾರಂಜಿಯ ನೀರು ಇನ್ನೂ ಏಳುತ್ತಿತ್ತು. ಹೊಟ್ಟೆಕಿಚ್ಚು ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ.

ನೀವು ಆ ಕಡೆ ಹೋಗುವುದಾದರೆ ಬೆಳಗಿನ ರೈಲಿಗೇ ಹೋಗಿ, ಇಕಾಮಾ ಅಸಲೇ ಇರಲಿ, ಟ್ಯಾಕ್ಸಿಯವನಿಗೆ ಐವತ್ತಕ್ಕಿಂತ ಹೆಚ್ಚು ಕೊಡಬೇಡಿ. ಮೇಜನ್ನು ಅಡಿಯಿಂದ ನೋಡುವ ಮೊದಲು ಲಾರಿ ಗೊತ್ತುಮಾಡಬೇಡಿ, ಗಿರಾಕಿಗೆ ಮಾತು ಕೊಡಬೇಡಿ. ನಿಮಗಾಗಿ ಪಾಸ್ ಬರೆಸಿದವನ ಕೆಲಸ ನಿಮ್ಮ ಕೈಯಲ್ಲಿದೆ ಎಂಬುದು ನೆನಪಿರಲಿ. ಯಾರಾದರೂ ಬೆಲೆ ಕೇಳದೆ ಏನನ್ನಾದರೂ ಕೊಟ್ಟರೆ ಅಲ್ಲೇ ಕೂತು, ಕನ್ನಡಕ ಒರೆಸಿಕೊಂಡು, ಎರಡನೆಯ ಪುಟ ಓದಿ. ನನ್ನ ಅಂಗಡಿಯ ರಸೀದಿಗೂ ಈಗ ಎರಡನೆಯ ಪುಟ ಇದೆ. ವ್ಯಾಪಾರಕ್ಕೆ ಬಂದರೆ ಅದನ್ನೂ ಓದಿಯೇ ಸಹಿ ಹಾಕಿ.