ಬಿಸಿಲಿನ ನಾಲಿಗೆ, ನೆರಳಿನ ನಾಲಿಗೆ

ಆಲಮೇಲದ ದಿಲಾವರ ಮದುವೆಯ ಅಡುಗೆಗೆ ನಿಂತು ಇಪ್ಪತ್ತೆರಡು ವರ್ಷಗಳಾಗಿವೆ. ಅಳತೆಯ ಲೋಟವನ್ನಾಗಲಿ ತಕ್ಕಡಿಯನ್ನಾಗಲಿ ಆತ ನಂಬಿದವನಲ್ಲ. ಅಕ್ಕಿ ಬೀಳುವ ಮೊದಲು ಕುದಿಯುವ ಎಸರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಉಪ್ಪಿನ ತೀರ್ಪು ಕೊಡುವ ಹಕ್ಕು ಅವನೊಬ್ಬನದೇ. "ನನ್ನ ಉಪ್ಪು ತಪ್ಪಿದ ದಿನ ಸೌಟು ಕೆಳಗಿಡ್ತೇನಿ" ಎಂದು ಸಿಂದಗಿಯಿಂದ ಇಂಡಿಯವರೆಗೂ ಸಾರಿಕೊಂಡು ಬಂದಿದ್ದ.

ಆ ದಿನ ಒದಗಿದ್ದು ಕಳೆದ ಮೇ ತಿಂಗಳಲ್ಲಿ, ದೇವಣಗಾಂವದ ಬಾನುಬಿಯ ಮಗಳ ಮದುವೆಯಲ್ಲಿ.

ಹನ್ನೊಂದರ ಹೊತ್ತಿಗೆ ಮೇಲೆ ಸೂರ್ಯ, ಕೆಳಗೆ ಮೂರು ಒಲೆ, ನಡುವೆ ದಿಲಾವರ. ಅಂಗಿ ನೆನೆದು ಒಣಗಿ, ಬೆನ್ನ ಮೇಲೆ ಬಿಳಿಯ ಗೆರೆಗಳು ಮೂಡಿದ್ದವು. ಬೆಳಗಿನಿಂದ ಹೊಟ್ಟೆಗೆ ಇಳಿದದ್ದು ತಂಬಿಗೆಗಟ್ಟಲೆ ಬರೀ ನೀರು. ವಾಡಿಕೆಯ ಉಪ್ಪು ಬಿದ್ದಿದ್ದ ಎಸರು ನೆಕ್ಕಿದ: ಸಪ್ಪೆ. ಒಂದು ಬೊಗಸೆ ಉಪ್ಪು ಸುರಿದ. ಇನ್ನೂ ಸಪ್ಪೆ. ಮತ್ತೆ ಮೂರು ಬೊಗಸೆ ಬಿದ್ದ ಮೇಲೆ ನಾಲಿಗೆ ಒಪ್ಪಿತು. ಅಕ್ಕಿ, ಮಾಂಸ ಹಾಕಿ, ಹಂಡೆಯಂಥ ಡೇಗಿನ ಬಾಯಿಗೆ ಕಣಕ ಮೆತ್ತಿ ಬಿರ್ಯಾನಿಯನ್ನು ಸಣ್ಣ ಉರಿಯ ದಮ್ಮಿಗೆ ಕೂಡಿಸಿದ.

ರುಚಿ ನೋಡಲು ಬಟ್ಟಲಿಗೆ ತೆಗೆದು ಮಿಕ್ಕಿದ್ದ ಎಸರಿಗೆ ರೊಟ್ಟಿ ಅದ್ದಿಕೊಂಡವನು ಬೆಳಗಿನಿಂದ ಬಿಸಿಲಲ್ಲಿ ಪೆಂಡಾಲ ಕಟ್ಟುತ್ತಿದ್ದ ಮಲ್ಲಣ್ಣ.

"ಎಪ್ಪಾ, ಏನ್ ರುಚಿರಿ ಚಾಚಾ! ಬಟ್ಟಲಾನೂ ನೆಕ್ಕಲೇನು?"

"ನೆಕ್ಕು. ನುಂಗಬ್ಯಾಡ, ಅದು ಬಾಡಿಗಿದು."

ಅಷ್ಟರಲ್ಲಿ ಕೂಲರಿನ ಮುಂದಿನಿಂದ ಎದ್ದು ಬಂದ ಊರಿನ ನರ್ಸ್ ಸುನಂದಾ ಅದೇ ಎಸರಿಗೆ ಬೆರಳದ್ದಿ ಬಾಯಿಗಿಟ್ಟವಳೇ ಉಗುಳಿದಳು.

"ಚಾಚಾ, ಬಿರ್ಯಾನಿ ಮಾಡೀರೋ, ಉಪ್ಪಿನಕಾಯಿ ಹಾಕೀರೋ?"

"ನಿಮ್ಮ ನಾಲಿಗಿ ಕೆಟ್ಟೈತ್ರಿ ಸಿಸ್ಟರ್."

"ನನ್ನ ನಾಲಿಗಿ ಬಿಡ್ರಿ, ನಿಮ್ಮ ಬೆನ್ನು ನೋಡ್ಕೋರಿ. ಬೆವರಿನಾಗ ನೀರೂ ಹೋತು, ಉಪ್ಪೂ ಹೋತು. ನೀವು ತಿರುಗಿ ತುಂಬಿದ್ದು ನೀರಷ್ಟ. ಮೈ ಉಪ್ಪು ಕೇಳ್ತು. ನೀವು ಡೇಗಿಗೆ ಹಾಕಿದ್ರಿ!"

ದಿಲಾವರ ನಕ್ಕ. ಸುನಂದಾ ನಗಲಿಲ್ಲ. ಆತನನ್ನು ನೆರಳಿಗೆ ಎಳೆದು ಕೂಡಿಸಿ, ಉಪ್ಪು–ಸಕ್ಕರೆ ಬೆರೆಸಿದ ಲಿಂಬೆಯ ಶರಬತ್ತನ್ನು ಎರಡು ಲೋಟ ಕುಡಿಸಿದಳು. ಅರ್ಧ ತಾಸಿನ ನಂತರ ಅದೇ ಬಟ್ಟಲಿಗೆ ಬೆರಳಿಟ್ಟು ನೆಕ್ಕಿದವನ ಹುಬ್ಬುಗಳು ನೆತ್ತಿಗೇರಿದವು.

"ಯಾ ಅಲ್ಲಾ! ಇದನ್ನ ನಾನ ಮಾಡೇನೇನು?"

ಡೇಗಿನಲ್ಲಿ ನಾನೂರು ಜನರ ಊಟ. ದಮ್ಮಿಗೆ ಕೂತದ್ದನ್ನು ತಿದ್ದಲು ಬಾರದು. ಊರಬಾಗಿಲಲ್ಲಿ ಝಳಕಿಯ ಬೀಗರ ಮೆರವಣಿಗೆಯ ಬ್ಯಾಂಡು ಕೇಳಿಸುತ್ತಿತ್ತು. ದಿಲಾವರನಿಗೆ ಬೆವರಿದ ಮಲ್ಲಣ್ಣ ಬಟ್ಟಲು ನೆಕ್ಕಲು ಹೊರಟದ್ದು ನೆನಪಾಯಿತು: ಬೆವರಿದ ನಾಲಿಗೆಗೆ ಈ ಉಪ್ಪೇ ರುಚಿ. ತಕ್ಷಣ ಬ್ಯಾಂಡಿನ ತಬ್ರೇಜನಿಗೆ ಫೋನು ಹಚ್ಚಿದ.

"ಇನ್ನೊಂದು ಸುತ್ತು ಹೊಡಿ, ಜೋರ ಬಾರಿಸು."

"ಚಾಚಾ, ಮದುಮಗನ ಪೌಡರ್ ಇಳ್ಯಾಕತ್ತೈತಿ!"

"ಪೌಡರ್ ಇಳದ್ರ ಸಾಲದೋ, ಬೆವರು ಇಳೀಲಿ!"

"ಮುದುಕ್ರನ್ನ, ಹುಡುಗ್ರನ್ನ ನೆಳ್ಳಿಗೆ ಕಳಸಂತ ಹೇಳ್ರಿ" ಎಂದು ಸುನಂದಾ ಗದರಿದಳು. "ಕುಣ್ಯಾವ್ರಿಗೆ ನೀರಿನ ಕೊಡ ಒಯ್ಯಿಸ್ರಿ."

ಕುಣಿದು ತೊಯ್ದ ಬೀಗರು ಪಂಕ್ತಿಗೆ ಕೂತರು. ಎರಡನೆಯ ತುತ್ತಿಗೇ "ಇನ್ನೊಂದೀಟು ಹಾಕ್ರಿ" ಎಂಬ ಕೂಗು. ದಿಲಾವರ ಉಸಿರು ಬಿಡುವಷ್ಟರಲ್ಲಿ ಪಂಕ್ತಿಯ ತುದಿಯಲ್ಲಿ ಒಂದು ಕೈ ನಿಂತಿತು. ಅದು ವರನ ಅಜ್ಜ ಬಾಬುಲಾಲರದು. ತಣ್ಣನೆಯ ಕಾರಿನಲ್ಲಿ ಬಂದು ನೇರವಾಗಿ ಕೂಲರಿನ ಮುಂದೆ ಕೂತವರು.

"ಎಸರು ನೆಕ್ಕಿದಾವ ಯಾರ್ಲೇ?"

ಮಾತು ಮಾತೇ. ದಿಲಾವರ ಮುಂದೆ ಬಂದು ಸೌಟನ್ನು ಅವರ ಕಾಲ ಬಳಿ ಇಟ್ಟು, ನಡೆದದ್ದನ್ನೆಲ್ಲ ಒಪ್ಪಿಕೊಂಡ. ಬಾಬುಲಾಲರು ಎಲುಬು ಚೀಪುತ್ತಿದ್ದ ತಮ್ಮ ಮಂದಿಯನ್ನು ಒಮ್ಮೆ ನೋಡಿದರು, ತಮ್ಮ ಒಣಗಿದ ಅಂಗಿಯನ್ನು ಒಮ್ಮೆ ನೋಡಿಕೊಂಡರು.

"ಅಂದ್ರ ಇಲ್ಲಿ ಉಣ್ಣಾಕ ನಾನೂ ಕುಣೀಬೇಕಿತ್ತು? ತಗೋ ನಿನ್ನ ಸೌಟು. ನನಗ ಮೊಸರು ಹಾಕ್ಸು. ಇನ್ನ ಮ್ಯಾಲೆ ನೆಳ್ಳಾಗ ಕುಂತ ನಾಲಿಗಿಗೂ ಒಂದು ಮಾತು ಕೇಳು."

ಈಗ ದಿಲಾವರನ ಒಲೆ ಉರಿಯುವಲ್ಲೆಲ್ಲ ಹತ್ತಿರದ ನೆರಳಿನಲ್ಲಿ ಒಂದು ಖುರ್ಚಿ ಇರುತ್ತದೆ. ಎಸರು ನೆಕ್ಕಿ ನೋಡುವವರಿಗೆ ಮೀಸಲಾದ ಆ ಖುರ್ಚಿಗಾಗಿ ಬೀಗರಲ್ಲಿ ಜಗಳಗಳಾಗಿವೆ. ಮಲ್ಲಣ್ಣನಿಗೆ ಮಾತ್ರ ಅದರ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ.