ತೊಳೆಯಬಾರದಿದ್ದ ಬಟ್ಟಲು

2014ರ ಚಳಿಗಾಲದಲ್ಲಿ ನಾನು ಅಬುಧಾಬಿ ಕಡೆಯ ಮರುಭೂಮಿಯಲ್ಲಿ ಪುರಾತತ್ವದ ಒಂದು ತಂಡದ ಜೊತೆ ಕೆಲಸಕ್ಕಿದ್ದೆ. ನೆಲ ಅಗೆದಾಗ ಸಿಗುವ ಹಳೆಯ ಮಡಕೆಗಳ ಚೂರು ತೊಳೆದು ಒಣಗಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಆರು ವರ್ಷ ದುಬೈನ ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದಿದ್ದೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಆಳುಗಳನ್ನು ಕಳಿಸುವ ಕಂಪನಿಯವರು, ತೊಳೆಯುವ ಕೆಲಸ ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದೆ. ಏನು ತೊಳೆಯಬೇಕೆಂದು ನಾನು ಕೇಳಲೂ ಇಲ್ಲ.

ನಮ್ಮೂರು ಗದಗ ಜಿಲ್ಲೆಯಲ್ಲಿ. ಆ ವರ್ಷ ನನ್ನ ತಮ್ಮ ಮಲ್ಲಪ್ಪನನ್ನೂ ನಾನೇ ಅದೇ ಕಂಪನಿಗೆ ಸೇರಿಸಿ ಕರೆಸಿಕೊಂಡಿದ್ದೆ. ಅವನನ್ನು ಅಗೆಯುವ ಕಡೆ ಹಾಕಿದರು. ಅಲ್ಲಿ ಗುದ್ದಲಿಗಿಂತ ಕರಣಿ ಮತ್ತು ಬ್ರಷ್‌ ಕೆಲಸವೇ ಹೆಚ್ಚು. ಮಣ್ಣಿನ ಬಣ್ಣ ಸ್ವಲ್ಪ ಬದಲಾದರೂ ಕೈ ನಿಲ್ಲಿಸಿ ಮೇಲಿನವರನ್ನು ಕರೆಯಬೇಕು. ಮಲ್ಲಪ್ಪನಿಗೆ ಆ ತಾಳ್ಮೆ ಇತ್ತು. ತಂಡದ ಮುಖ್ಯಸ್ಥೆ ಕ್ಲಾರಾ ಮೇಡಂ ಯುರೋಪಿನವರು. ಕೆಲವೇ ವಾರಗಳಲ್ಲಿ ಅವರು ಅವನನ್ನು ಹೆಸರು ಹಿಡಿದು ಕರೆಯತೊಡಗಿದರು. ಪ್ರತಿ ಚಳಿಗಾಲವೂ ಇವನೇ ಬೇಕೆಂದು ಕಂಪನಿಗೆ ಬರೆಯುತ್ತೇನೆ, ಅಳತೆ ಮತ್ತು ನಕ್ಷೆಯ ಕೆಲಸ ಕಲಿಸುತ್ತೇನೆ ಎಂದೂ ಹೇಳಿದ್ದರು. ನನ್ನನ್ನು ಮಾತ್ರ ‘ವಾಷಿಂಗ್ ಮ್ಯಾನ್’ ಎನ್ನುತ್ತಿದ್ದರು. ಅದರಲ್ಲಿ ತಿರಸ್ಕಾರವೇನೂ ಇರಲಿಲ್ಲ. ಆದರೂ ನನಗೆ ಚುಚ್ಚುತ್ತಿತ್ತು.

ಅಲ್ಲಿ ಅಗೆಯುತ್ತಿದ್ದದ್ದು ಕಲ್ಲು ಕಟ್ಟಿದ ಒಂದು ದುಂಡು ಗೋರಿ. ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಒಂದೇ ಗೋರಿಯೊಳಗೆ ತಲೆಮಾರುಗಳ ಕಾಲ ಒಂದು ಕುಲದವರನ್ನೆಲ್ಲ ಇಡುತ್ತಿದ್ದರಂತೆ. ಮೂಳೆಗಳು ಒಂದರ ಮೇಲೊಂದು ಬೆರೆತುಹೋಗಿದ್ದವು. ಯಾರದ್ದು ಯಾವುದೆಂದು ಬೇರೆ ಮಾಡುವುದೇ ಕಷ್ಟ. ಕುರಿ ಮೇಕೆಗಳ ಹಿಂದೆ ಅಲೆಯುತ್ತಿದ್ದ ಜನ ಯಾವಾಗ ಖರ್ಜೂರ ಬೆಳೆಸಿ ಒಂದು ಕಡೆ ನಿಂತರು, ಯಾವಾಗ ಸತ್ತವರಿಗೂ ಒಂದು ಮನೆ ಕಟ್ಟಿದರು ಎಂಬುದು ಮೇಡಂ ಹುಡುಕುತ್ತಿದ್ದ ಪ್ರಶ್ನೆ. ಮಲ್ಲಪ್ಪ ಸಂಜೆ ಇದನ್ನೆಲ್ಲ ನನಗೆ ವಿವರಿಸುತ್ತಿದ್ದ. ನಾನು ಕೇಳಿಯೂ ಕೇಳದವನಂತೆ ಇರುತ್ತಿದ್ದೆ.

ನನ್ನ ಕೆಲಸಕ್ಕೂ ನಿಯಮಗಳಿದ್ದವು. ಬರೀ ನೀರು, ಮೆತ್ತನೆಯ ಬ್ರಷ್, ನೆರಳಿನಲ್ಲಿ ಒಣಗಿಸುವುದು. ಒಳಗೆ ಏನಾದರೂ ಅಂಟಿಕೊಂಡಿದ್ದರೆ ಅದನ್ನು ತೊಳೆಯುವಂತಿಲ್ಲ. ಹಾಗೆ ಉಳಿದ ಅಂಟಿನಿಂದಲೇ ಅದರಲ್ಲಿ ಹಾಲಿತ್ತೋ ಮೀನಿತ್ತೋ ಎಂದು ಲ್ಯಾಬಿನವರು ಹೇಳಬಲ್ಲರು. ಅಂಥದ್ದು ಸಿಕ್ಕರೆ ಅಗೆಯುವವರೇ ತೊಳೆಯುವ ಮೇಜಿಗೆ ತಿಳಿಸಬೇಕು. ನಮ್ಮ ಸ್ಟೋರಿನ ಸೂಪರ್‌ವೈಸರ್ ಮಂಗಳೂರು ಕಡೆಯ ಲ್ಯಾನ್ಸಿ ಸರ್. ನಾನು ಚೂರು ಉಜ್ಜುವುದನ್ನು ನೋಡಿ ಅವರು ನಗುತ್ತಿದ್ದರು: “ಎಂತ ಶಿವಪ್ಪ, ಇದೆಂತ ನಿನ್ನ ಹೋಟೆಲಿನ ಚಾ ಗ್ಲಾಸಾ? ಅಷ್ಟು ತಿಕ್ಕಬೇಡ ಮಾರಾಯ, ಇದರಲ್ಲಿ ಯಾರೂ ಚಾ ಕುಡಿಯುದಿಲ್ಲ!”

ಫೆಬ್ರವರಿಯ ಒಂದು ಮಧ್ಯಾಹ್ನ ಗೋರಿಯ ಬಾಗಿಲ ಬಳಿ, ಒಂದು ಚಪ್ಪಡಿಯ ಕೆಳಗೆ ಮಲ್ಲಪ್ಪನಿಗೆ ಒಂದು ಬಟ್ಟಲು ಸಿಕ್ಕಿತು. ಎಲ್ಲೂ ಒಡೆದಿರಲಿಲ್ಲ. ಅಲ್ಲಿಯವರೆಗೆ ಇಡೀ ಬಟ್ಟಲು ಒಂದೂ ಸಿಕ್ಕಿರಲಿಲ್ಲ. ಅದನ್ನು ಟ್ರೇಯಲ್ಲಿ ಇಟ್ಟುಕೊಂಡು, ಕೂಸನ್ನು ಎತ್ತಿಕೊಂಡವನಂತೆ ನಡೆದು ಬಂದ.

“ಅಣ್ಣಾ, ಇದನ್ನ ತೊಳಿಬ್ಯಾಡ. ತಳದಾಗ ಏನೋ ಕರ್ರಗ ಅಂಟೇತಿ. ಮೇಡಮ್ಮಾರು ನಾಳೆ ನೋಡಿ ಲ್ಯಾಬಿಗೆ ಕಳಸ್ತಾರಂತ.”

“ನನಗ ತೊಳಿಯೂದು ಕಲಸಾಕ ಬಂದೇನಲೇ?”

“ಕಲಸಾಕ ಅಲ್ಲಣ್ಣಾ. ಮುಟ್ಟಬ್ಯಾಡ ಅಂದೆ, ಅಷ್ಟ.”

ಅವನು ಮತ್ತೆ ಅಗೆಯುವ ಕಡೆಗೆ ಹೋದ. ನಾನು ಬಟ್ಟಲನ್ನು ನೋಡುತ್ತ ಕುಳಿತೆ. ಮರುದಿನ ಸರ್ಕಾರದ ದೊಡ್ಡವರು ಬರುವವರಿದ್ದರು. ಹೋಟೆಲಿನಲ್ಲಿ ಒಂದು ಪಾತ್ರೆಯ ತಳದಲ್ಲಿ ಕರಿ ಉಳಿದರೆ ಮ್ಯಾನೇಜರು ಎಲ್ಲರೆದುರು ಅದನ್ನು ಎತ್ತಿ ಹಿಡಿದು ಬೈಯುತ್ತಿದ್ದ. ಆರು ವರ್ಷ ಆ ಅಂಜಿಕೆಯಲ್ಲಿ ಬದುಕಿದ ಕೈ ನನ್ನದು. ಇದಿಷ್ಟನ್ನೇ ಹೇಳಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ತಮ್ಮ ನನಗೆ ‘ಮುಟ್ಟಬ್ಯಾಡ’ ಎಂದನಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ. ಅವನು ತಂದದ್ದನ್ನು ನಾಳೆ ಎಲ್ಲರೂ ಹೊಗಳುತ್ತಾರೆ. ಅದು ಹೊಳೆದದ್ದು ನನ್ನ ಕೈಯಿಂದ ಎಂದೂ ಯಾರಾದರೂ ಹೇಳಲಿ ಎನಿಸಿತು. ಬರೀ ನೀರಿಗೆ ಕರಿ ಬಿಡಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪು ತಂದೆ.

ಮರುದಿನ ಬೆಳಿಗ್ಗೆ ಮೇಡಂ ಬಟ್ಟಲನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಮೂಗಿನ ಹತ್ತಿರ ತಂದರು. ಸೋಪಿನ ಲಿಂಬೆ ವಾಸನೆ ನನಗೂ ಬರುತ್ತಿತ್ತು. ಅವರು ಕೂಗಾಡಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟು, ಲ್ಯಾನ್ಸಿ ಸರ್‌ಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿ ಕುರ್ಚಿಯಲ್ಲಿ ಕುಳಿತರು. ಸೋಪಿನ ಕೊಬ್ಬು ಬಟ್ಟಲಿನ ಮಣ್ಣಿನೊಳಗೆ ಇಳಿದಿದೆ, ಇನ್ನು ಲ್ಯಾಬಿಗೆ ಕಳಿಸಿ ಉಪಯೋಗವಿಲ್ಲ ಎಂದು ಸರ್ ನನಗೆ ಬಿಡಿಸಿ ಹೇಳಿದರು. ಅವರ ಮುಖದಲ್ಲಿ ಎಂದಿನ ನಗು ಇರಲಿಲ್ಲ.

“ತೊಳೀಬಾರ್ದು ಅಂತ ನಿನಗೆ ಯಾರೂ ಹೇಳ್ಲಿಲ್ವಾ ಶಿವಪ್ಪ?”

ಅತಿಥಿಗಳಿಗೆ ಕುರ್ಚಿ ಹಾಕುತ್ತಿದ್ದ ಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದ. ನಾನು ತೊಳೆಯುವ ತೊಟ್ಟಿಯನ್ನು ನೋಡುತ್ತ, “ಇಲ್ಲ ಸರ್” ಎಂದೆ.

“ಎಂತ ಮಲ್ಲಪ್ಪ, ಅಲ್ಲಿಂದ ತಂದವನು ನೀನಲ್ವಾ? ಹೇಳ್ಲಿಲ್ವಾ?”

ನಾನು ತಲೆ ಎತ್ತಲಿಲ್ಲ.

“ಮರತೆ ಸರ್. ತಪ್ಪಾತು.”

ತಿಳಿಸುವ ಹೊಣೆ ಅಗೆಯುವವರದ್ದು ಎಂದು ಆ ವಾರವೇ ಮಲ್ಲಪ್ಪನನ್ನು ಕಂಪನಿಗೆ ವಾಪಸ್ ಕಳಿಸಿದರು; ಸೋಪು ಹಚ್ಚಿದ ನನಗೆ ಬೈಗುಳದಲ್ಲೇ ಮುಗಿಯಿತು. ಅವನು ಬಟ್ಟೆ ಕಟ್ಟಿಕೊಳ್ಳುವಾಗ ನಾನು ಕೇಳಿದೆ: “ಯಾಕಲೇ ಹಂಗ ಹೇಳಿದಿ?”

“ನೀ ಇಲ್ಲ ಅಂದ ಮ್ಯಾಲ ನಾ ಹೇಳೇನಿ ಅಂದ್ರ, ಅಷ್ಟು ಮಂದಿ ಮುಂದ ನಮ್ಮಣ್ಣ ಸುಳ್ಳ ಅಂತ ನಾನ ಅಂದಂಗ ಆಕ್ಕಿತ್ತು” ಎಂದು ಚೀಲದ ಜಿಪ್ ಎಳೆದ. ಆಗಲೂ ಲ್ಯಾನ್ಸಿ ಸರ್ ಪಕ್ಕದ ಕೋಣೆಯಲ್ಲೇ ಇದ್ದರು. ಎದ್ದು ಹೋಗಿ ಬಾಗಿಲು ತಟ್ಟಿದ್ದರೆ ಸಾಕಿತ್ತು. ನನ್ನ ವೀಸಾ ಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಮಲ್ಲಪ್ಪನಿಗೂ ಹೆಂಡತಿ ಇದ್ದಳು, ಎಳೆ ಕೂಸಿತ್ತು.

ಕಂಪನಿಯವರು ಅವನನ್ನು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡಕ್ಕೆ ಟೈಲ್ಸ್ ಹೊರಲು ಹಾಕಿದರು. ವೀಸಾ ಮುಗಿದ ಮೇಲೆ ಊರಿಗೆ ಹೋದ. ಮೇಡಂ ಹೇಳಿದ್ದ ಅಳತೆ, ನಕ್ಷೆಯ ಕೆಲಸ ಬೇರೆಯವನ ಪಾಲಾಯಿತು. ನಾನು ಇನ್ನೂ ಮೂರು ಚಳಿಗಾಲ ಅದೇ ಮೇಜಿನಲ್ಲಿ ಚೂರು ತೊಳೆದೆ. ಅಷ್ಟೂ ದಿನ ಅವನ ಜೊತೆ ಫೋನಿನಲ್ಲಿ ಮಳೆ ಬೆಳೆ ಬಿಟ್ಟು ಬೇರೆ ಮಾತಾಡಲಿಲ್ಲ.

2018ರಲ್ಲಿ ನಾನೂ ಊರಿಗೆ ಹೊರಡುವ ಮೊದಲು, ದುಬೈನ ಮಿರ್ದಿಫ್‌ನಲ್ಲಿದ್ದ ಲ್ಯಾನ್ಸಿ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟರು.

“ನಾನು ಮೇಡಂಗೆ ಮೇಲ್ ಹಾಕ್ತೇನೆ, ಅದು ನನ್ನ ಕೆಲಸ. ಆದ್ರೆ ನನ್ನ ಹತ್ರ ಹೇಳಿ ಎಂತ ಪ್ರಯೋಜನ ಮಾರಾಯ? ಕೆಲಸ ಹೋದದ್ದು ಅವನದ್ದು. ಅವನಿಗೆ ಹೇಳು.”

ಅವರ ಮನೆಯ ಕೆಳಗಿನ ರಸ್ತೆಯಲ್ಲೇ ನಿಂತು ಫೋನ್ ಮಾಡಿದೆ. ಮಲ್ಲಪ್ಪ ಆಗ ಹುಬ್ಬಳ್ಳಿಯಲ್ಲಿ ಟೈಲ್ಸ್ ಕೂರಿಸುತ್ತಿದ್ದ. ನನ್ನದು ತಪ್ಪಾಯಿತು, ನೀನು ಹೇಳಿದ್ದೆ, ನಾನು ಬೇಕೆಂದೇ ತೊಳೆದೆ ಎಂದೆ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಅದು ನನಗ ಗೊತ್ತಿದ್ದದ್ದ ಐತಲ್ಲಣ್ಣಾ” ಎಂದ. ಆಮೇಲೆ ಧ್ವನಿ ಬದಲಾಯಿತು. “ಒಂದು ಕೇಳಲೇನು? ನೀ ತೊಳಿಯೂ ಮುಂದ ಅದು ನೀರಾಗ ಹೆಂಗ ಬಿಟ್ಟಿತು? ಜಿಡ್ಡಿತ್ತೇನು? ಖರ್ಜೂರದ ಪಾಕದಂಗ ಇತ್ತೋ, ಸುಟ್ಟ ಹಾಲಿನಂಗ ಇತ್ತೋ? ಸತ್ತವರಿಗೆ ಅವರು ಏನು ಇಟ್ಟಿದ್ರು ಅಂತ ನಾ ಇನ್ನೂ ವಿಚಾರ ಮಾಡ್ತಿರತೇನಿ.”

ನಾಲ್ಕು ವರ್ಷ ಟೈಲ್ಸ್ ಹೊರುತ್ತ, ಕೂರಿಸುತ್ತ ಅವನು ಆ ಪ್ರಶ್ನೆಯನ್ನು ಹೊತ್ತುಕೊಂಡಿದ್ದ. ಉತ್ತರ ಹೇಳಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ ಆಗಿದ್ದೆ. ಆ ಕರಿ ನನ್ನ ಬೆರಳುಗಳ ನಡುವೆಯೇ ಕರಗಿ ಹೋಗಿತ್ತು. ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಆ ದಿನದ ನನ್ನ ಸಿಟ್ಟು ಮಾತ್ರ.

“ನಾ ನೋಡಲಿಲ್ಲೋ ಮಲ್ಲೂ” ಎಂದೆ.

ಕೈಗೆ ಬಂದದ್ದನ್ನು ಮೊದಲು ನೋಡಬೇಕು, ಆಮೇಲೆ ನೀರಿಗೆ ಹಾಕಬೇಕು. ಅಷ್ಟು ವರ್ಷ ತೊಳೆದವನಿಗೆ ಆ ಕೆಲಸ ಕಲಿಸಬೇಕಾಗಿದ್ದದ್ದು ಇಷ್ಟೇ. ನಾನು ಅದನ್ನು ಕಲಿಯುವ ಹೊತ್ತಿಗೆ ಬಟ್ಟಲು ಬರಿದಾಗಿತ್ತು, ತಮ್ಮ ಊರಿಗೆ ಹೋಗಿದ್ದ.