ಸಿಸ್ಟರಮ್ಮನ ನೇರಳೆ ಸೀರೆ

ಮುಳಬಾಗಿಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ನಾನು ಬಿಳಿ ಸೀರೆ ಉಟ್ಟವಳು. ಬೆಳಗ್ಗೆ ಐದಕ್ಕೆ ಎದ್ದು, ಗಂಜಿ ಹಾಕಿದ ಸೀರೆಗೆ ಇಸ್ತ್ರಿ ಮಾಡಿ, ಏಳಕ್ಕೆ ವಾರ್ಡಿನಲ್ಲಿರಬೇಕು. ರಜೆಯಲ್ಲೂ ಕರೆ ಬರಬಹುದೆಂದು ಬಿಳಿಯಲ್ಲೇ ಇರುತ್ತಿದ್ದೆ. ಹೆರಿಗೆಗೆ ಬಂದವರ ಸೀರೆಗಳನ್ನು ಮಡಚಿಡುವುದು ಆಯಾಗಳ ಕೆಲಸ. ಅದನ್ನು ನಾನೇ ಮಾಡುತ್ತಿದ್ದೆ. ಒಮ್ಮೆ ತಾಯಲೂರಿನ ಕಡೆಯ ಹೆಂಗಸೊಬ್ಬಳು ನೋವಿನ ನಡುವೆಯೂ, "ಮೆತ್ತಗೆ ಸಿಸ್ಟರಮ್ಮ, ಹೊಸಾದು ಅದು," ಎಂದಳು. ನೇರಳೆ ಹಣ್ಣಿನ ಬಣ್ಣ, ಸಾಸಿವೆ ಹೂವಿನ ಬಣ್ಣದ ಅಂಚು. ಮಡಚಿದ್ದನ್ನು ಬಿಚ್ಚಿ ಮತ್ತೊಮ್ಮೆ ಮಡಚಿದೆ.

ನಿವೃತ್ತಿಯಾದ ಮೇಲೆ ಅಂಥದ್ದೊಂದು ಉಡಬೇಕೆನಿಸಿತು. ಬಜಾರಿನ ಜವಳಿ ಅಂಗಡಿಯ ಯಜಮಾನರು ನನ್ನನ್ನು ಕಂಡೊಡನೆ ಬಿಳಿ ಸೀರೆಗಳ ಅಟ್ಟಿ ಇಳಿಸುತ್ತಿದ್ದರು. ಬಣ್ಣದ ಕಡೆ ಕೈ ತೋರಿಸಿದರೆ, "ಯಾರಿಗಮ್ಮ?" ಎನ್ನುವರು. "ತಂಗಿ ಮಗಳಿಗೆ," ಎಂದುಬಿಡುತ್ತಿದ್ದೆ. ಹಾಗೆ ಅವಳಿಗೆ ಮೂರು ಸೀರೆಗಳಾದವು.

ಕೋಲಾರದಲ್ಲಿದ್ದ ಅದೇ ತಂಗಿ ಮಗಳು, ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ, ತನ್ನ ಕಂಪ್ಯೂಟರಿನಲ್ಲಿ ಸೀರೆ ಅಂಗಡಿ ತೋರಿಸಿದಳು. ಅಲ್ಲಿ ಯಾರಿಗೆಂದು ಕೇಳುವವರಿಲ್ಲ. ಒಬ್ಬಳೇ ಹುಡುಗಿ ಅಷ್ಟೂ ಸೀರೆಗಳನ್ನು ಉಟ್ಟು, ಎಲ್ಲದರಲ್ಲೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಏಳನೆಯ ಪುಟದಲ್ಲಿ ನನ್ನ ನೇರಳೆ ಸಿಕ್ಕಿತು. ಪ್ರತಿ ಮಂಗಳವಾರ ಹತ್ತರ ಬಸ್ಸಿಗೆ ಹೋಗಿ ನೋಡಿ ಬರತೊಡಗಿದೆ.

"ದೊಡ್ಡಮ್ಮ, ನೀನು ಹಿಂಗೆ ನೋಡ್ತಿದ್ರೆ ಆ ಹುಡುಗೀನೇ ಬಿಚ್ಚಿ ಕೊಟ್ಬಿಡ್ತಾಳೆ," ಎಂದು ನಕ್ಕು, ಐದನೆಯ ವಾರ ಅವಳೇ ತರಿಸಿದಳು.

ಮುಂದಿನ ಮಂಗಳವಾರ ಹೋಗಿ ಪೊಟ್ಟಣ ಬಿಚ್ಚಿದರೆ, ಒಗೆಯುವಾಗ ನೀಲಿ ಹೆಚ್ಚಾದ ನನ್ನ ಹಳೆಯ ಬಿಳಿ ಸೀರೆಯಂಥದ್ದು! ಚಿತ್ರದ ಬಣ್ಣಕ್ಕೂ ಬಟ್ಟೆಯ ಬಣ್ಣಕ್ಕೂ ವ್ಯತ್ಯಾಸವಿರಬಹುದೆಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಔಷಧದ ಸೀಸೆಯ ಚೀಟಿಯನ್ನು ಎರಡು ಸಲ ಓದದೆ ಮುಚ್ಚಳ ತೆಗೆಯದವಳು ನಾನು, ಇದನ್ನು ಓದಿರಲಿಲ್ಲ.

"ವಾಪಸ್ ಕಳಿಸೋಣ. ಬೇರೆ ಯಾವುದಾದ್ರೂ ಆರಿಸು."

"ಬೇರೆ ಬೇಡ ಕಣೇ. ಅದೇ ಬೇಕು."

ಮರುದಿನ ಬಜಾರಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲಿದ್ದೆ. ಯಜಮಾನರು ಬಿಳಿ ಅಟ್ಟಿಗೆ ಕೈ ಹಾಕಿದರು.

"ಅದಲ್ಲ. ನೇರಳೆ ಬಣ್ಣದ್ದು."

"ಯಾರಿಗಮ್ಮ?"

"ನನಗೇ."

ಅವರು ನನ್ನ ಮುಖವನ್ನೊಮ್ಮೆ ನೋಡಿ, ಬಿಳಿ ಅಟ್ಟಿಯನ್ನು ಇದ್ದಲ್ಲಿಗೇ ತಳ್ಳಿದರು. ಕಪಾಟುಗಳನ್ನೆಲ್ಲ ಹುಡುಕಿದರು.

"ನೇರಳೆ ಖಾಲಿ ಸಿಸ್ಟರಮ್ಮ. ಹೊಸ ಮಾಲು ಬರೋದು ಮಂಗಳವಾರ. ನಿಮಗೆ ಅಂತ ಎತ್ತಿಡ್ತೀನಿ."

"ಅಂಚು ಸಾಸಿವೆ ಹೂವಿನ ಬಣ್ಣದ್ದೇ ಇರಲಿ," ಎಂದೆ. ಮಂಗಳವಾರಕ್ಕೆ ಇನ್ನೂ ಆರು ದಿನವಿತ್ತು.